ಆರು ಸಾಲಿನ ಇಂಗ್ಲಿಷು

ತದಡಿ ಮೇಲೂರು
ಇಸವಿ ೨೧೮೬, ಒಂಬತ್ತನೇ ಉಬ್ಬರ ಕಳೆದು ನಾಲ್ಕನೇ ದಿನ

ಅಜ್ಜಿಗೆ ಚಂಪಾ ತಾಂಡೇಲಳ ನಮಸ್ಕಾರ.

ನನಗೆ ಇಂಗ್ಲಿಷ್ ಬರುವುದಿಲ್ಲ. ಎರಡೂವರೆ ವರ್ಷದಿಂದ ಇದನ್ನು ಯಾರಿಗೂ ಹೇಳಿಲ್ಲ. ಆ ಎರಡೂವರೆ ವರ್ಷದಲ್ಲಿ ಅರವತ್ತೊಂದು ಜನರಿಗೆ ಇಂಗ್ಲಿಷ್ ಕಲಿಸಿದ್ದೇನೆ.

ನೀವು ನನ್ನ ಅಜ್ಜಿಯ ಅಜ್ಜಿಗೆ ಅಜ್ಜಿ. ನನ್ನ ಲೆಕ್ಕ ಸರಿಯಿದ್ದರೆ ನಿಮ್ಮ ಕಾಲದಲ್ಲಿ ಈಗ ನಿಮಗೆ ಇಪ್ಪತ್ತೇಳು, ನನಗಿಂತ ಎಂಟೇ ವರ್ಷ ದೊಡ್ಡವರು. ಆದರೂ ಅಜ್ಜಿ ಎನ್ನದೆ ಬೇರೆ ಏನೆಂದು ಕರೆಯಲಿ, ತೋಚಲಿಲ್ಲ. ಈ ಪತ್ರ ನಿಮ್ಮನ್ನು ಹೇಗೆ ಮುಟ್ಟುತ್ತದೆ ಎಂಬುದು ನನಗೂ ಗೊತ್ತಿಲ್ಲ. ನಮ್ಮ ಕಾಲದ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಬಹುದು. ಕ್ಷಮಿಸಿ, ಬಂದ ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಮೇಲೆ ಬರೆದ ತಾರೀಕನ್ನೇ ತೆಗೆದುಕೊಳ್ಳಿ. ಸಮುದ್ರ ಹಳೇ ತದಡಿಯನ್ನು ನುಂಗಿದ ಮೇಲೆ ನಾವು ಗುಡ್ಡ ಹತ್ತಿದೆವು. ಅಂದಿನಿಂದ ಇಲ್ಲಿ ತಿಂಗಳುಗಳಿಲ್ಲ, ಅಮಾವಾಸ್ಯೆಯ ದೊಡ್ಡ ಉಬ್ಬರಗಳನ್ನೇ ಎಣಿಸುತ್ತೇವೆ.

ನಮ್ಮ ಕಾಲದಲ್ಲಿ ಯಾರೂ ಇನ್ನೊಬ್ಬರ ಭಾಷೆ ಕಲಿಯುವುದಿಲ್ಲ. ಹುಟ್ಟಿದ ಮಗುವಿಗೆ ಕಿವಿ ಚುಚ್ಚುವ ದಿನವೇ ಕಿವಿಹುಳ ಕೂರಿಸುತ್ತಾರೆ. ಅದು ಎಳ್ಳಿನಷ್ಟು ದೊಡ್ಡ ಯಂತ್ರ. ಯಾರು ಯಾವ ಭಾಷೆಯಲ್ಲಿ ಮಾತಾಡಿದರೂ ನಮ್ಮ ಕಿವಿಗೆ ನಮ್ಮ ಮಾತೇ ಬೀಳುತ್ತದೆ. ಹೀಗೆ ಇಂಗ್ಲಿಷ್ ನಮ್ಮ ಕರಾವಳಿಯಿಂದ ಸದ್ದಿಲ್ಲದೆ ಹೋಯಿತು. ನನ್ನ ಅಮ್ಮನಿಗೆ ಅದರ ಒಂದು ಅಕ್ಷರವೂ ಗೊತ್ತಿಲ್ಲ. ಆದರೆ ಕಿವಿಹುಳ ಸಾಯುವ ಜಾಗ ಒಂದಿದೆ. ದೋಣಿಯಲ್ಲಿ ಎರಡು ದಿನ ಹೋದರೆ ನಡು ಸಮುದ್ರದಲ್ಲಿ ತೇಲೂರು ಸಿಗುತ್ತದೆ. ಉಕ್ಕಿನ ತಟ್ಟೆಗಳ ಮೇಲೆ ಕಟ್ಟಿದ ಊರು, ಉಪ್ಪುನೀರು ಬೇಯಿಸಿ ಕುಡಿಯುವ ನೀರು ಮಾಡುವ ಕಾರ್ಖಾನೆ. ಅಲ್ಲಿಯ ದೊಡ್ಡ ಕೇಬಲ್ಲುಗಳ ನಡುವೆ ಕಿವಿಹುಳ ಕೆಲಸ ಮಾಡುವುದಿಲ್ಲ. ಇಪ್ಪತ್ತು ದೇಶದ ಜನ ಅಲ್ಲಿ ಹರಕುಮುರುಕು ಇಂಗ್ಲಿಷಿನಲ್ಲೇ ಬದುಕುತ್ತಾರೆ. ಅಲ್ಲಿ ಕೆಲಸ ಬೇಕಾದವರು ಮೊದಲು ಬಾಯಿಪರೀಕ್ಷೆ ಕೊಡಬೇಕು. ಕಿವಿಹುಳ ತೆಗೆದಿಟ್ಟು, ಪರೀಕ್ಷಕನ ಎದುರು ಕುಳಿತು, ಐದು ನಿಮಿಷ ಸ್ವಂತ ಬಾಯಿಂದ ಮಾತಾಡಬೇಕು.

ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕೂತಲ್ಲಿ ಕೂರುವ ಸ್ವಭಾವ ನನ್ನದಲ್ಲ, ಅದಕ್ಕೇ ಬಿಟ್ಟೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಅದು ಅರ್ಧ ಸತ್ಯ. ಒಂಬತ್ತು ವರ್ಷ ನಾನು ಎಲ್ಲರ ಜೊತೆ ರಾಗ ಎಳೆದು "ಅರ್ಥ ಆಯ್ತು ಅಕ್ಕೋರೆ" ಎಂದಿದ್ದೆ. ಒಂದು ದಿನ ಲೆಕ್ಕದ ಅಕ್ಕೋರು, "ಆಯ್ತಲ್ಲ? ಹಾಗಾದ್ರೆ ಬಾ, ಬೋರ್ಡಿನ ಮೇಲೆ ಮಾಡು" ಎಂದರು. ಎದ್ದು ಹೋದೆ, ಬೋರ್ಡಿನವರೆಗಲ್ಲ, ಬಾಗಿಲಿನವರೆಗೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಆಮೇಲೆ ಒಂದಿಷ್ಟು ದಿನ ದೋಣಿ ತೊಳೆದೆ, ಒಂದಿಷ್ಟು ದಿನ ಕಡಲಸೊಪ್ಪು ಒಣಗಿಸಿದೆ. ಯಾವುದರಲ್ಲೂ ನಿಲ್ಲಲಿಲ್ಲ. ಆಗ ಅಮ್ಮನ ಪೆಟ್ಟಿಗೆಯಲ್ಲಿ ನಿಮ್ಮ ಪುಸ್ತಕ ಸಿಕ್ಕಿತು. ಅದೇ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವಾಗ ದಿನದಿನದ ಪಾಠ ಬರೆದಿಟ್ಟುಕೊಳ್ಳುತ್ತೀರಲ್ಲ, ನೀಲಿ ರಟ್ಟಿನದು. ಇಂಗ್ಲಿಷ್ ವಾಕ್ಯ, ಅದರ ಕೆಳಗೆ ಕನ್ನಡ ಅಕ್ಷರದಲ್ಲಿ ಉಚ್ಚಾರ, ಅದರ ಕೆಳಗೆ ಅರ್ಥ. ಅದನ್ನು ಹಿಡಿದು, ಬಲೆ ನೇಯುವ ಚಪ್ಪರದಲ್ಲಿ ತರಗತಿ ಶುರು ಮಾಡಿದೆ. ಕಲಿಯಲು ಬಂದವರು ಹೆಚ್ಚಿನವರು ಹೆಂಗಸರು, ನನಗಿಂತ ಎರಡು ಪಟ್ಟು ವಯಸ್ಸಿನವರು. ಕೈಯಲ್ಲಿ ಬಲೆ, ಬಾಯಲ್ಲಿ ಇಂಗ್ಲಿಷ್. ಹತ್ತೊಂಬತ್ತು ತುಂಬದ ನನ್ನನ್ನು ಅವರು ಅಕ್ಕೋರೆ ಎನ್ನುತ್ತಿದ್ದರು. ಆ ಮಾತು ನನಗೆ ಎಷ್ಟು ಹಿಡಿಸಿತ್ತು ಎಂದರೆ, ಅದಕ್ಕಾಗಿ ಏನು ಬೇಕಾದರೂ ಮುಚ್ಚಿಡಲು ತಯಾರಿದ್ದೆ. ಪಾಠ ಮಾಡುವಾಗ ಎಲ್ಲರೂ ಕಿವಿಹುಳ ತೆಗೆಯಬೇಕೆಂಬುದು ನನ್ನದೇ ಕಟ್ಟಳೆ. ನನ್ನದು ಮಾತ್ರ ಕೂದಲ ಕೆಳಗೆ ಕೆಲಸ ಮಾಡುತ್ತಲೇ ಇತ್ತು.

ನಿಮ್ಮ ಪುಸ್ತಕದ ಅಂಚಿನಲ್ಲಿ ಮೂರು ಕಡೆ ಹೀಗೆ ಬರೆದಿದೆ: ಎಲ್ಲರೂ ಅರ್ಥ ಆಯ್ತು ಅಂದರು. ಆಗಿಲ್ಲ. ನಾಳೆ ಪುನಃ ಇದೇ ಪಾಠ. ಅದನ್ನು ನಾನು ಓದಿದ್ದೆ. ಓದಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಒಂದೇ ಪಾಠವನ್ನು ಮೂರು ದಿನ ಮಾಡುವ ಟೀಚರು ಎಂಥ ದಡ್ಡಿ ಎಂದು ನಕ್ಕು ಪುಟ ತಿರುವಿದ್ದೆ.

ಮೊದಲ ತಂಡದಲ್ಲಿ ಏಳು ಜನ ಬಾಯಿಪರೀಕ್ಷೆಗೆ ಹೋದರು. ಆರು ಜನ ಪಾಸಾದರು. ನಪಾಸಾದವಳು ಒಬ್ಬಳೇ, ಪ್ರಶ್ನೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಕೇಳಿ ಎಂದವಳು. ಅಲ್ಲಿಂದ ನನ್ನ ದಾರಿ ಸುಲಭವಾಯಿತು. ನಿಮ್ಮ ಪುಸ್ತಕವನ್ನು ಮುಚ್ಚಿಟ್ಟು ಆರೇ ಸಾಲು ಕಲಿಸತೊಡಗಿದೆ. ನಮಸ್ಕಾರಕ್ಕೊಂದು, ಹೆಸರಿಗೊಂದು, ಊರಿಗೊಂದು, ಕೆಲಸಕ್ಕೊಂದು, ಉಪಕಾರ ನೆನೆಯಲು ಒಂದು. ಆರನೆಯದು, "ಯಸ್ ಸರ್, ಐ ಅಂಡರ್‌ಸ್ಟ್ಯಾಂಡ್." ಅದನ್ನು ದಿನಕ್ಕೆ ಇನ್ನೂರು ಸಲ ಹೇಳಿಸುತ್ತಿದ್ದೆ. ತಲೆ ಹೇಗೆ ಆಡಿಸಬೇಕು, ಎಷ್ಟು ನಗಬೇಕು, ಎಲ್ಲ. ನನ್ನ ತರಗತಿಯ ಹೆಸರು ಗೋಕರ್ಣದಾಚೆಗೂ ಹಬ್ಬಿತು.

ಗುಲಾಬಿ ಹರಿಕಂತ್ರ ಬಂದದ್ದು ಕಳೆದ ವರ್ಷ. ನಲವತ್ತೆರಡು ವರ್ಷ, ಗಟ್ಟಿ ದನಿ. ಪಾಠ ಅರ್ಥವಾಗದಿದ್ದರೆ ಬಲೆ ಕೆಳಗಿಟ್ಟು ನನ್ನ ಮುಖವನ್ನೇ ನೋಡುವವಳು. ಅವಳ ಎದುರು ನನಗೆ ಯಾವಾಗಲೂ ಹೆದರಿಕೆ. ಒಂದು ದಿನ ಕೇಳಿದಳು, "ಅಕ್ಕೋರೆ, ಅಲ್ಲಿನ ಸಾಹೇಬ ಹೇಳಿದ್ದು ಖರೇ ಅರ್ಥ ಆಗದೇ ಇದ್ರೆ ಎಂತ ಹೇಳುದು?"

"ಯಸ್ ಸರ್ ಹೇಳಿ ಗುಲಾಬಕ್ಕ. ಆಮೇಲೆ ಪಕ್ಕದವರು ಎಂತ ಮಾಡ್ತಾರೆ ನೋಡಿ, ಹಾಗೇ ಮಾಡಿ."

"ಪಕ್ಕದವಳೂ ನಿನ್ನ ಹತ್ರವೇ ಕಲ್ತವಳಾದ್ರೆ?"

ಚಪ್ಪರ ಬಿದ್ದುಹೋಗುವ ಹಾಗೆ ಎಲ್ಲರೂ ನಕ್ಕರು. ನಾನೂ ನಕ್ಕೆ. ನಾನು ಒಂಬತ್ತು ವರ್ಷ ಶಾಲೆಯಲ್ಲಿ ಬದುಕಿದ ಉಪಾಯವನ್ನೇ ಅವಳಿಗೆ ಹೇಳಿಕೊಟ್ಟಿದ್ದೆ.

ಗುಲಾಬಕ್ಕ ಪಾಸಾಗಿ ತೇಲೂರಿಗೆ ಹೋದಳು. ಹೋದ ಉಬ್ಬರದಲ್ಲಿ ಅವಳನ್ನು ಬೇಯಿಸುವ ತೊಟ್ಟಿಗಳ ಕಡೆ ಹಾಕಿದರು. ಗಂಟೆ ಹೊಡೆಯುವ ತನಕ ಕೆಂಪು ಮುಚ್ಚಳ ಮುಟ್ಟಬಾರದು ಎಂದು ಕೆಲಸ ನೋಡಿಕೊಳ್ಳುವ ಮೇಲಿನವನು ಹೇಳಿದ. ಅರ್ಥವಾಯಿತೇ ಎಂದು ಮೂರು ಸಲ ಕೇಳಿದ. ಮೂರು ಸಲವೂ ಅವಳು ನನ್ನ ಆರನೇ ಸಾಲು ಹೇಳಿದಳು. ಪಕ್ಕದ ತೊಟ್ಟಿಯಲ್ಲಿ ನಮ್ಮೂರಿನ ರೋಸಿ ಇದ್ದಳು. ಅವಳೂ ನನ್ನ ಹತ್ತಿರ ಕಲಿತವಳೇ. ರೋಸಿ ತನ್ನ ಮುಚ್ಚಳ ತೆಗೆದಳು, ಅದು ತಣ್ಣಗಿದ್ದ ತೊಟ್ಟಿ. ಗುಲಾಬಕ್ಕ ನೋಡಿದಳು, ತಾನೂ ತೆಗೆದಳು. ಆವಿ ಅವಳ ಬಲಗೈಯನ್ನು ಮೊಣಕೈವರೆಗೆ ಬೇಯಿಸಿತು.

ಈಗ ಅವಳು ತೇಲೂರಿನ ಆಸ್ಪತ್ರೆಯಲ್ಲಿದ್ದಾಳೆ. ಹೊಸ ಚರ್ಮ ಕೂರಿಸಿದರೆ ಕೈ ಉಳಿಯುತ್ತದಂತೆ. ಆದರೆ ಮೂರು ದಿನ ಬಿಟ್ಟು ವಿಚಾರಣೆ ಇದೆ. ಮೂರು ಸಲ ಕೇಳಿದೆ, ಮೂರು ಸಲ ಅರ್ಥವಾಯಿತು ಎಂದಳು ಎಂದು ಮೇಲಿನವನು ಬರೆದುಕೊಟ್ಟಿದ್ದಾನೆ. ತಪ್ಪು ಅವಳದೇ ಎಂದು ತೀರ್ಮಾನವಾದರೆ, ಚಿಕಿತ್ಸೆ ನಿಲ್ಲಿಸಿ ಮುಂದಿನ ದೋಣಿಗೆ ಹತ್ತಿಸುತ್ತಾರೆ. ನಾನು ಹೋಗಿ, ಹೀಗೆ ಹೇಳಲು ಕಲಿಸಿದ್ದು ನಾನು, ಪರೀಕ್ಷೆ ಪಾಸು ಮಾಡಿಸಿದ್ದೂ ಹೀಗೇ ಎಂದರೆ, ಅವಳ ಕೈ ಉಳಿಯಬಹುದು. ಹಾಗೆ ಹೇಳಿದ ದಿನವೇ ನನ್ನ ಹತ್ತಿರ ಕಲಿತು ಅಲ್ಲಿ ಕೆಲಸ ಮಾಡುತ್ತಿರುವ ನಲವತ್ತಮೂರು ಜನರಿಗೂ ಹೊಸದಾಗಿ ಬಾಯಿಪರೀಕ್ಷೆ ಆಗುತ್ತದೆ. ಎಷ್ಟು ಜನ ಉಳಿಯುತ್ತಾರೆ ಎಂಬುದು ನನಗೆ ಗೊತ್ತು.

ರೋಸಿಯ ಅಪ್ಪ ಫೆಲ್ಸು ಮಾಮ ನಿನ್ನೆ ಚಪ್ಪರಕ್ಕೆ ಬಂದ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈಯಲಿಲ್ಲ. ಪಕ್ಕದಲ್ಲಿ ಕೂತು ಬಲೆಯ ಗಂಟು ಬಿಡಿಸುತ್ತ, "ಒಂದು ಕೈ ಹೋಯ್ತು ಚಂಪಾ. ನೀ ಬಾಯಿ ಬಿಟ್ರೆ ನಲವತ್ತು ಒಲೆ ಆರ್ತದೆ. ಶಾಲೆಗೆ ಹೋಗಿದ್ರೆ ಇಷ್ಟು ಲೆಕ್ಕ ಬರ್ತಿತ್ತು ನಿಂಗೆ" ಎಂದ. ಲೆಕ್ಕ ಅವನದೇ ಸರಿ. ಆದರೆ ಉಳಿದವರೂ ದಿನಾ ಅದೇ ತೊಟ್ಟಿಗಳ ಎದುರು ನಿಂತು, ಅದೇ ಸಾಲು ಹೇಳುತ್ತಿದ್ದಾರೆ. ರೋಸಿಯೂ ಹೇಳುತ್ತಿದ್ದಾಳೆ. ಇದನ್ನು ಮಾಮನಿಗೆ ಹೇಳಬೇಕಿತ್ತು. ಅವನು ಎದ್ದು ಹೋದ ಮೇಲೆ ಹೊಳೆಯಿತು.

ರಜೆಯಲ್ಲಿ ಬಂದ ಒಬ್ಬಳ ಕೈಯಲ್ಲಿ ಗುಲಾಬಕ್ಕ ಹೇಳಿ ಕಳಿಸಿದ್ದಾಳೆ: "ಅಕ್ಕೋರಿಗೆ ಬೇಜಾರು ಮಾಡ್ಕಳುದು ಬ್ಯಾಡ ಅನ್ನು. ನನ್ನ ಕೈಯೇ ಅವಸರ ಮಾಡ್ತು." ಬೈದಿದ್ದರೆ ನಾನು ಏನಾದರೊಂದು ನೆವ ಹುಡುಕಿ ಇಲ್ಲೇ ಉಳಿದುಬಿಡುತ್ತಿದ್ದೆನೋ ಏನೋ. ಇನ್ನೂ ನನ್ನನ್ನು ಅಕ್ಕೋರು ಎನ್ನುತ್ತಾಳೆ.

ಅಜ್ಜಿ, ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ತರಗತಿಯಲ್ಲೂ ನನ್ನಂಥವಳು ಒಬ್ಬಳು ಇರುತ್ತಾಳೆ, ಎಲ್ಲರಿಗಿಂತ ಜೋರಾಗಿ ಆಯ್ತು ಟೀಚರ್ ಎನ್ನುವವಳು. ಅವಳನ್ನು ಬೋರ್ಡಿಗೆ ಕರೆಯಬೇಡಿ. ಎಲ್ಲರೂ ಹೊರಗೆ ಹೋದ ಮೇಲೆ ಅವಳ ಬೆಂಚಿನಲ್ಲೇ ಕೂತು ಕೇಳಿ. ಮೊದಲ ದಿನ ಅವಳು ಹೇಳಲಿಕ್ಕಿಲ್ಲ, ಮಾರನೇ ದಿನವೂ ಕೇಳಿ.

ವಿಚಾರಣೆಯಲ್ಲಿ ನನ್ನ ಕಿವಿಹುಳವೂ ಸತ್ತಿರುತ್ತದೆ, ಹೇಳುವುದನ್ನು ಇಂಗ್ಲಿಷಿನಲ್ಲೇ ಹೇಳಬೇಕು. ನಿಮ್ಮ ಪುಸ್ತಕವನ್ನು ಮತ್ತೆ ತೆರೆದು, ನಾಲ್ಕು ದಿನ ಕೂತು ಒಂಬತ್ತು ವಾಕ್ಯ ಬರೆದಿದ್ದೇನೆ. ಸರಿಯಿವೆಯೋ ಇಲ್ಲವೋ ನೋಡಿ ಹೇಳುವವರು ಇಲ್ಲಿ ಯಾರೂ ಇಲ್ಲ. ಚಪ್ಪರದ ಬಾಗಿಲಿಗೆ ತರಗತಿ ಇಲ್ಲ ಎಂದು ಬರೆದು ಅಂಟಿಸಿ ಬಂದೆ. ಅಮ್ಮನಿಗೆ ಎಲ್ಲ ಹೇಳಿಯಾಯಿತು. ಅವಳು ನನ್ನ ಬಟ್ಟೆ ಮಡಚಿ ಚೀಲಕ್ಕೆ ತುಂಬಿದಳು.

ತೇಲೂರಿನ ದೋಣಿ ನಾಳೆ ಬೆಳಿಗ್ಗೆ ಏಳಕ್ಕೆ ಬಿಡುತ್ತದೆ. ಅದರಲ್ಲಿ ಹೋಗುತ್ತಿದ್ದೇನೆ.