ಹಿಂಬದಿ ಪುಟದ ಪರವಾನಗಿ

ರಾಜ್ಯ ಬಂದೂಕುದಾರರ ಸಂಘದ ಮಾನ್ಯ ಅಧ್ಯಕ್ಷರೇ,

ನಿಮ್ಮ ಮಾಸಪತ್ರಿಕೆಯ ಹಿಂಬದಿ ಪುಟವನ್ನು ನಂಬಿ ನನ್ನ ಮೊಮ್ಮಗಳು ಡಾರ್ಸಿ ಕೈಕೋಳ ತೊಟ್ಟಳು. ಇದು ನನ್ನ ದೂರು.

ನಾನು ಹೈಸ್ಕೂಲು ಓದಿದವಳು. ಇಪ್ಪತ್ತಾರು ವರ್ಷಗಳಿಂದ ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಈ ಒಹಾಯೊ ನದಿ ದಡದ ಹೆಂಗಸರಿಗೆ ಬಂದೂಕು ಹಿಡಿಯುವುದನ್ನು ಕಲಿಸುತ್ತಿದ್ದೇನೆ. ಸಂಘದ ಪರವಾಗಿ ಹನ್ನೊಂದು ಸಲ ಬಸ್ಸು ಹತ್ತಿ ರಾಜಧಾನಿಗೆ ಹೋಗಿ ಶಾಸಕರೆದುರು ಸಾಕ್ಷಿ ನುಡಿದಿದ್ದೇನೆ. ಪ್ರತಿ ಸಲವೂ ಹೇಳಿದ್ದು ಒಂದೇ ಮಾತು: ನಾವು ಕಲಿತವರು, ಕಾನೂನು ತಿಳಿದವರು, ನಮ್ಮನ್ನು ನಂಬಿ.

ಡಾರ್ಸಿ ವೃದ್ಧಾಶ್ರಮದಲ್ಲಿ ದಾದಿ. ಅವಳು ಬಿಟ್ಟುಬಂದ ಗಂಡ ಎರಡು ಸಲ ಆಶ್ರಮದ ಕಾರು ನಿಲ್ಲಿಸುವ ಅಂಗಳಕ್ಕೆ ಬಂದು ಕಾದು ನಿಂತಿದ್ದ. ಹತ್ತಿರ ಸುಳಿಯಬಾರದೆಂದು ನ್ಯಾಯಾಲಯ ಒಂದು ಕಾಗದ ಕೊಟ್ಟಿತು. ಆ ಕಾಗದವನ್ನು ಬಾಗಿಲಿಗೆ ಅಗಳಿಯಾಗಿ ಹಾಕಿಕೊಳ್ಳಲಾಗುತ್ತದೆಯೇ? ಅವಳು ನನ್ನಲ್ಲೇ ತರಬೇತಿ ಮುಗಿಸಿ, ಬಂದೂಕು ಜೊತೆಗಿಟ್ಟುಕೊಂಡು ಓಡಾಡಲು ನಮ್ಮ ರಾಜ್ಯದ ಪರವಾನಗಿಗೆ ಅರ್ಜಿ ಹಾಕಿದಳು. ಐದು ತಿಂಗಳಾದರೂ ಉತ್ತರವಿಲ್ಲ. ಆಗ ನಿಮ್ಮ ಪತ್ರಿಕೆ ಬಂತು. "ಪರರಾಜ್ಯದ ಪರವಾನಗಿ, ಮನೆಯಲ್ಲೇ ಕುಳಿತು! ಒಂದು ಸಂಜೆಯ ವಿಡಿಯೊ! ಮೂವತ್ತು ರಾಜ್ಯಗಳಲ್ಲಿ ಮಾನ್ಯ!" ಪಕ್ಕದಲ್ಲಿ ನಮ್ಮ ಸಂಘದ ಮುದ್ರೆ.

"ಅಜ್ಜಿ, ನೋಡಿಲ್ಲಿ. ನಿನ್ ಕ್ಲಾಸಿಗಿಂತ ಇದೇ ವಾಸಿ, ಬೈಯೋರೇ ಇಲ್ಲ!"

"ಬಾಯ್ಮುಚ್ಚು. ಇದು ನಮ್ಮೂರಲ್ಲಿ ನಡೆಯುತ್ತೇನೇ?"

"ಮೂವತ್ತು ರಾಜ್ಯದಲ್ಲಿ ನಡೆಯೋದು ನಮ್ದೊಂದ್ರಲ್ಲಿ ನಡೆಯಲ್ವಾ? ನಿನ್ ಸಂಘದ ಮುದ್ರೆನೇ ಒತ್ತಿದಾರಲ್ಲ."

ಕನ್ನಡಕ ಹಾಕಿಕೊಂಡು ಮುದ್ರೆ ನೋಡಿದೆ. ಅದರ ಕೆಳಗೆ, 'ನಿಮ್ಮ ರಾಜ್ಯದ ಕಾನೂನನ್ನು ನೀವೇ ಪರಿಶೀಲಿಸಿಕೊಳ್ಳಿ' ಎಂದು ಇರುವೆ ಗಾತ್ರದಲ್ಲಿ ಬರೆದದ್ದನ್ನು ನೋಡಲಿಲ್ಲ. "ನಮ್ಮೋರೇ ಹಾಕಿದಾರೆ ಅಂದ್ಮೇಲೆ ಸರಿಯಾಗೇ ಇರುತ್ತೆ, ತಗೋ" ಎಂದೆ. ಹೌದು, ಆ ಮಾತು ಆಡಿದ್ದು ನಾನೇ.

ಅಕ್ಟೋಬರಿನಲ್ಲಿ, ಒಂದು ಬೆಳಗ್ಗೆ ಪಾಳಿ ಮುಗಿಸಿ ಬರುತ್ತಿದ್ದವಳನ್ನು, ಕಾರಿನ ಹಿಂದೀಪ ಉರಿಯುತ್ತಿಲ್ಲವೆಂದು ಪೊಲೀಸನೊಬ್ಬ ತಡೆದ. ಡಾರ್ಸಿ ನಾನು ಎಲ್ಲರಿಗೂ ಕಲಿಸುವಂತೆಯೇ ಮಾಡಿದಳು: ಎರಡೂ ಕೈ ಸ್ಟೀರಿಂಗ್ ಮೇಲೆ, ಅವರು ಕೇಳುವ ಮೊದಲೇ ನಾವು ಹೇಳುವುದು.

"ಆಫೀಸರ್, ನನ್ ಹತ್ರ ಬಂದೂಕಿದೆ. ಪರವಾನಗೀನೂ ಇದೆ."

ಅವನು ಕಾರ್ಡು ತಿರುಗಿಸಿ ನೋಡಿದ. "ತಂಗೀ, ನಿಮ್ಮನೆ ಎಲ್ಲಿ?"

"ಇಲ್ಲೇ, ನದಿ ಈಚೆ."

"ಹಾಗಾದ್ರೆ ನಿನ್ ಪಾಲಿಗೆ ಇದು ಬರೀ ಪ್ಲಾಸ್ಟಿಕ್ ಕಣಮ್ಮ. ಇಲ್ಲಿ ವಾಸ ಇರೋರಿಗೆ ಈ ರಾಜ್ಯದ್ದೇ ಬೇಕು. ಇಳಿ ಕೆಳಗೆ."

ಸುಮ್ಮನಿದ್ದಿದ್ದರೆ ಮನೆಗೆ ಬಂದು ಮಲಗುತ್ತಿದ್ದಳು. ನಾನು ಕಲಿಸಿದ ಪ್ರಾಮಾಣಿಕತೆಯೇ ಅವಳನ್ನು ಹಿಡಿದುಕೊಟ್ಟಿತು. ಅಪರಾಧ ಸಾಬೀತಾದರೆ ದಾದಿಯ ಕೆಲಸ ಹೋಗುತ್ತದೆ, ಜನ್ಮದಲ್ಲಿ ಮತ್ತೆ ಬಂದೂಕು ಮುಟ್ಟುವಂತಿಲ್ಲ. ಅವಳ ಬಂದೂಕು ಪೊಲೀಸರ ಬಳಿ ಇದೆಯೆಂದು ಊರ ಪತ್ರಿಕೆ ಅಚ್ಚು ಹಾಕಿದೆ. ಅಂಗಳದಲ್ಲಿ ಕಾಯುವ ಆ ಗಂಡಸಿಗೂ ಓದಲು ಬರುತ್ತದೆ, ಅಧ್ಯಕ್ಷರೇ.

ಜನವರಿಯಲ್ಲಿ ಹನ್ನೆರಡನೆಯ ಸಲ ರಾಜಧಾನಿಗೆ ಹೋದೆ. ಜೀವಭಯವಿರುವ ಹೆಂಗಸರಿಗೆ ಹತ್ತು ದಿನದಲ್ಲಿ ಪರವಾನಗಿ ಕೊಡಬೇಕೆಂಬ ಮಸೂದೆ ಅಂದು ಚರ್ಚೆಗಿತ್ತು. ನಾನು ತರಬೇತಿಯ ಮಾತೆತ್ತಿದ ಕೂಡಲೇ ಒಬ್ಬ ಶಾಸಕಿ ನಿಮ್ಮ ಹಿಂಬದಿ ಪುಟವನ್ನು ಎತ್ತಿ ಹಿಡಿದಳು.

"ನಿಮ್ ತರಬೇತಿ ಅಂದ್ರೆ ಇದೇನಾ ಅಮ್ಮಾ? ಪೈಜಾಮದಲ್ಲಿ ಕೂತ್ಕೊಂಡು, ಪಾಪ್‌ಕಾರ್ನ್ ತಿನ್ಕೊಂಡು?"

ಸಭೆ ನಕ್ಕಿತು. ಇಪ್ಪತ್ತಾರು ವರ್ಷ ಹೆಂಗಸರನ್ನು ಗದರಿಸಿ ಕಲಿಸಿದ ನಾನು ಬರೆದು ತಂದಿದ್ದ ಹಾಳೆಯನ್ನು ಮಡಚಿಕೊಂಡು ಕೆಳಗಿಳಿದೆ. ಮಸೂದೆ ಬಿದ್ದುಹೋಯಿತು. 'ನಮ್ಮ ಹಕ್ಕಿನ ವೈರಿಗಳು ಸೋಲಿಸಿದರು' ಎಂದು ನೀವು ಸದಸ್ಯರಿಗೆ ಬರೆದಿರಿ. ಯಾವ ವೈರಿಗಳು? ಆ ಪುಟವನ್ನು ಅಚ್ಚು ಹಾಕಿದವರು ಅವರೇ? ನಿಮ್ಮ ಕಚೇರಿಗೆ ಫೋನು ಮಾಡಿದರೆ ಒಬ್ಬ ಹುಡುಗಿ, "ಅದು ಜಾಹೀರಾತಷ್ಟೇ ಆಂಟಿ, ಸಂಘದ ಅಭಿಪ್ರಾಯ ಅಲ್ಲ" ಎಂದಳು. ಹಾಗಾದರೆ ಮುದ್ರೆಯನ್ನು ಒತ್ತಿದ ಕೈ ಯಾರದು? ಹಕ್ಕಿಗಾಗಿ ಹೋರಾಡುತ್ತೇವೆನ್ನುವ ನಾವೇ ಅದನ್ನು ಸೋಪಿನಂತೆ ಮಾರಿದರೆ, ಮುಂದಿನ ಸಲ ಯಾವ ಮುಖ ಹೊತ್ತು ನಂಬಿ ಎನ್ನಲಿ?

ಆ ಜಾಹೀರಾತನ್ನು ತೆಗೆಯಿರಿ. ಅದೇ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರಗಳಲ್ಲಿ, ಪರರಾಜ್ಯದ ಈ ಪರವಾನಗಿ ನಮ್ಮ ರಾಜ್ಯದ ನಿವಾಸಿಗಳಿಗೆ ಇಲ್ಲಿ ನಡೆಯುವುದಿಲ್ಲವೆಂದು ಬರೆಯಿರಿ. ಮಾರ್ಚ್ ಒಂಬತ್ತಕ್ಕೆ ಡಾರ್ಸಿಯ ವಿಚಾರಣೆ. ಅವಳನ್ನು ನಂಬಿಸಿದವರೇ ಬಂದು ಒಪ್ಪಿಕೊಂಡರೆ ನ್ಯಾಯಾಧೀಶರು ಶಿಕ್ಷೆ ತಗ್ಗಿಸಬಹುದೆಂದು ವಕೀಲರು ಹೇಳುತ್ತಾರೆ. ಮೊದಲು ನಾನು ಪ್ರಮಾಣ ಮಾಡಿ ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ನನ್ನ ನಂತರ ಸಾಕ್ಷಿಯಾಗಿ ನಿಮ್ಮ ಹೆಸರು ಕೂಗುತ್ತಾರೆ. ಎದ್ದು ನಿಲ್ಲುತ್ತೀರಾ?

ಇಂತಿ,
ಇಷ್ಟು ವರ್ಷ ನಿಮ್ಮ ಸಾಕ್ಷಿಯಾಗಿದ್ದು, ಈಗ ಆರೋಪಿಯ ಅಜ್ಜಿಯಾಗಿರುವ
ವರ್ನಾ ಪ್ರೂಯಿಟ್