ಬೀಗರ ಕಪ್ಪು-ಬಸಿ

ಜೆ.ಪಿ. ನಗರ,
೧೨ ಆಗಸ್ಟ್ ೨೦೦೧

ತಂಗಿ ಪದ್ಮಶ್ರೀಗೆ ಅಕ್ಕ ಗೌತಮಿಯ ಜೈಭೀಮ್.

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು, ಉತ್ತರ ಬರೆಯಲಿಲ್ಲ. ಮುನಿಸಿಕೊಂಡಿದ್ದೀಯೋ ಎಂದು ಕೇಳುವುದಿಲ್ಲ. ಮುನಿಸಿಕೊಳ್ಳುವುದು ಏನಿದ್ದರೂ ನನ್ನ ಇಲಾಖೆ. ಅಪ್ಪನ ಮಂಡಿನೋವು ಹಾಗೇ ಇದೆ. ಆದರೂ ಕೋಣನಕುಂಟೆಯಲ್ಲಿ ಬಸ್ಸು ಹತ್ತಿ ಮೊಮ್ಮಗಳನ್ನು ನೋಡಲು ಬರುತ್ತಾರೆ. ಸಂಘಮಿತ್ರಾ ಈಗ ನಾಲ್ಕನೇ ಕ್ಲಾಸು, ಬಾಯಿ ಥೇಟ್ ನಿನ್ನದೇ.

ನಮ್ಮ ಸೆಕ್ಷನ್ನಿಗೆ ಅನ್ನಪೂರ್ಣ ಅಂತ ಒಬ್ಬರು ಹೊಸದಾಗಿ ಬಂದಿದ್ದಾರೆ. ಬಾಗಲಕೋಟೆ ಕಡೆಯವರು, ಬಿಟಿಎಂನಲ್ಲಿ ಬಾಡಿಗೆ ಮನೆ. ಬಂದ ವಾರದಿಂದಲೇ ನನ್ನ ಪಕ್ಕ ಕುಳಿತು ಊಟ. ನಾನು ಬರೆದ ನೋಟ್ ಓದಿ, ಇಡೀ ಆಫೀಸಿನಲ್ಲಿ ಇಷ್ಟು ಚೆನ್ನಾಗಿ ಬರೆಯುವವರು ಇನ್ನೊಬ್ಬರಿಲ್ಲ ಎಂದರು. ಇವರಿಗೆ ನನ್ನಿಂದ ಏನು ಕೆಲಸ ಆಗಬೇಕಿದೆಯೋ ಎಂದು ತಲೆ ಕೆಡಿಸಿಕೊಂಡೆ. ಅವರು ಏನೂ ಕೇಳಲಿಲ್ಲ, ಅದರಿಂದ ಅನುಮಾನ ಇನ್ನಷ್ಟು ಬೆಳೆಯಿತು. ಶೇಂಗಾ ಚಟ್ನಿಪುಡಿಯನ್ನು ಡಬ್ಬಿಯಲ್ಲಿ ತಾರದೆ ಪೇಪರ್ ಪೊಟ್ಟಣದಲ್ಲಿ ತಂದುಕೊಟ್ಟರು. ಅವರ ಡಬ್ಬಿ ನನ್ನ ಮನೆಗೆ ಹೋಗಿ ವಾಪಸ್ ಬರಬಾರದು, ಅದಕ್ಕೇ ಪೊಟ್ಟಣ ಎಂದುಕೊಂಡೆ. ನೀನು ನಗುತ್ತೀಯ, ನಗು. ಚಟ್ನಿಪುಡಿ ಮಾತ್ರ ಚೆನ್ನಾಗಿತ್ತು.

ಕಳೆದ ತಿಂಗಳು ಅವರ ಅತ್ತೆ ರೇಣುಕವ್ವ ಊರಿಂದ ಬಂದರು. ಭಾನುವಾರ ಸಂಜೆ ಚಹಾಕ್ಕೆ ಬರಲೇಬೇಕು ಎಂದರು ಅನ್ನಪೂರ್ಣ. ನೆಪ ಹೇಳಿ ತಪ್ಪಿಸಿಕೊಳ್ಳೋಣವೆಂದರೆ ಮಗಳು ಬಿಡಲಿಲ್ಲ. ಹೋದೆವು. ಅಕ್ಕಪಕ್ಕದ ಮನೆಯ ಹೆಂಗಸರೂ ಬಂದಿದ್ದರು. ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಚಹಾ ಬಂತು. ನನಗೆ ಮಾತ್ರ ರೇಣುಕವ್ವ ಮೇಲಿನ ಹಲಗೆಯಿಂದ ಹೂವಿನ ಚಿತ್ರದ ಒಂದು ಪಿಂಗಾಣಿ ಕಪ್ಪು-ಬಸಿ ಇಳಿಸಿ, ಅದರಲ್ಲಿ ಹಾಕಿಕೊಟ್ಟರು. ಬೇರೆ ಯಾರಿಗೂ ಇಲ್ಲ ಪದ್ಮಾ, ನನಗೊಬ್ಬಳಿಗೇ.

ನನ್ನ ಮೈ ಉರಿದುಹೋಯಿತು. ಅಮ್ಮ ಕೂಲಿಗೆ ಹೋಗುತ್ತಿದ್ದ ಆ ಮನೆಯ ಕೊಟ್ಟಿಗೆಯ ಗೂಡಿನಲ್ಲಿ ನಮಗೆಂದೇ ಬೇರೆ ಲೋಟ ಇಟ್ಟಿದ್ದರಲ್ಲ? ಕುಡಿದು, ತೊಳೆದು, ಬೋರಲು ಹಾಕಿ ಬರಬೇಕಿತ್ತು. ನೀನು ಒಂದು ದಿನ ತೊಳೆಯದೆ ಬಿಸಾಕಿ ಓಡಿಬಂದೆ, ಅಮ್ಮನ ಕೈಲಿ ಏಟು ತಿಂದೆ, ತಿಂದು ನಕ್ಕೆ. ನಿನ್ನ ಲೋಟವನ್ನೂ ನಾನೇ ತೊಳೆದಿಟ್ಟೆ. ಇಬ್ಬರೂ ಅದೇ ಗೂಡಿನ ಲೋಟದಲ್ಲಿ ಕುಡಿದವರು. ಅದು ಅವರ ಕೊಳಕು ಅಂತ ನಿನಗೆ ಅನಿಸಿತು, ನನ್ನದೇ ಕೊಳಕು ಅಂತ ನನಗೆ ಅನಿಸಿತು. ಹುಟ್ಟುಗುಣವೋ, ಹಿರಿಯ ಮಗಳೆಂದು ಅಮ್ಮ ನನಗೇ ಹೆಚ್ಚು ಹೆದರಿಕೆ ಹೇಳಿಕೊಟ್ಟಳೋ, ಇವತ್ತಿಗೂ ಗೊತ್ತಿಲ್ಲ.

ಚಹಾ ಕುಡಿದವಳೇ ಎದ್ದು ಹಿತ್ತಲ ನಲ್ಲಿಗೆ ಹೋದೆ. ಸಂಘಮಿತ್ರಾ ಬಿಸ್ಕತ್ತು ತಿನ್ನುತ್ತಾ ಹಿಂದೆಯೇ ಬಂದಳು. ಕಪ್ಪು-ಬಸಿ ತೊಳೆದು ಕಲ್ಲಿನ ಮೇಲೆ ಬೋರಲು ಹಾಕುವಾಗ ಅನ್ನಪೂರ್ಣ ಬಂದರು.

“ಅಯ್ಯ, ನೀವ್ಯಾಕ ತೊಳೀಲಿಕ್ಕತ್ತೀರಿ?”

“ಪರವಾಗಿಲ್ಲ ಬಿಡಿ, ನಮಗೆ ಅಭ್ಯಾಸ ಇದೆ” ಅಂದೆ. ಚುಚ್ಚಬೇಕೆಂದೇ ಅಂದೆ.

ಅವರ ಮುಖ ಇಳಿದುಹೋಯಿತು. ಹಿಂದೆ ಬಂದ ರೇಣುಕವ್ವನಿಗೆ ಏನೂ ತಿಳಿಯಲಿಲ್ಲ. “ಅದು ಬೀಗರು ಬಂದಾಗ ತಗಿಯೋ ಕಪ್ಪು-ಬಸಿ ಐತವ್ವಾ. ನಮ್ಮ ಸೊಸಿ ನಿಮ್ಮನ್ನ ಭಾಳ ಹೊಗಳ್ತಾಳ, ಅದಕ್ಕ ತಗದೆ” ಎಂದರು.

ಮರುದಿನ ಆಫೀಸಿನಲ್ಲಿ ಅನ್ನಪೂರ್ಣ ಬುತ್ತಿ ಬಿಚ್ಚದೆ ಮೆಲ್ಲಗೆ ಕೇಳಿದರು: “ನಮ್ಮನ್ನ ಅಂಥಾ ಮಂದಿ ಅಂದ್ಕೊಂಡ್ರೇನು?” ನಾನು ತಲೆ ತಗ್ಗಿಸಿ ಊಟ ಮಾಡಿದೆ. ಅಂದಿನಿಂದ ಅವರು ಬೇರೆ ಟೇಬಲ್ಲಿಗೆ ಹೋಗುತ್ತಾರೆ.

ಗದಗಿನ ಹುಡುಗ ಚನ್ನವೀರ ನಮ್ಮ ಸೆಕ್ಷನ್ನಿನಲ್ಲೇ ಇದ್ದಾನೆ. ಅವನನ್ನು ಸುತ್ತಿ ಬಳಸಿ ವಿಚಾರಿಸಿದೆ. ತಮ್ಮ ಕಡೆ ಬೇಕಾದವರು ಬಂದರೆ ಸ್ಟೀಲ್ ಲೋಟದಲ್ಲಿ ಕೊಡುವುದಿಲ್ಲ, ಅದು ಮರ್ಯಾದೆ ಅಲ್ಲ ಎಂದ. ಇವನಿಗೆ ಅನ್ನಪೂರ್ಣ ಅವರೇ ಹೇಳಿಕೊಟ್ಟಿರಬಹುದೇ ಎಂದೂ ಯೋಚಿಸಿದೆ, ನೋಡು ನನ್ನ ತಲೆ. ಆಮೇಲೆ ನಂಬಿದೆ. ನಂಬಿದ ಮೇಲೆ ಸಂಕಟ ಹೆಚ್ಚಾಯಿತು. ಇಷ್ಟು ವರ್ಷಗಳಲ್ಲಿ ಆ ಆಫೀಸಿನಲ್ಲಿ ನನಗೆ ಸಿಕ್ಕ ಗೆಳತಿ ಅವರೊಬ್ಬರೇ. ನಾಳೆ ನಾನೇ ಅವರ ಟೇಬಲ್ಲಿಗೆ ಹೋಗಬೇಕು ಎಂದು ದಿನಾ ಅಂದುಕೊಳ್ಳುತ್ತೇನೆ. ಹೋದರೆ ಎದ್ದುಹೋಗಿಬಿಟ್ಟರೆ ಎಂಬ ಭಯ. ನೀನಾಗಿದ್ದರೆ ಅವತ್ತೇ ಇನ್ನೊಂದು ಕಪ್ ಚಹಾ ಕೇಳಿರುತ್ತಿದ್ದೆ.

ನಿನ್ನ ಯಜಮಾನರಿಗೆ ನಮಸ್ಕಾರ ತಿಳಿಸು. ಮಗ ಸಿದ್ಧಾರ್ಥನಿಗೆ ದೊಡ್ಡಮ್ಮನ ಮುತ್ತು. ನೀವೆಲ್ಲ ತಣ್ಣಗಿರಿ.

ನಿನ್ನ ಅಕ್ಕ,
ಗೌತಮಿ

ತಾ.ಕ.: ಮರೆತಿದ್ದೆ ಎಂದು ಸುಳ್ಳು ಹೇಳುವುದಿಲ್ಲ, ಬರೆಯಲು ಕೈ ಬರಲಿಲ್ಲ. ನಿನ್ನೆ ಸಂಘಮಿತ್ರಾ ಕ್ಲಾಸಿನ ಶ್ವೇತಾಳ ಹುಟ್ಟುಹಬ್ಬಕ್ಕೆ ಹೋಗಿದ್ದಳು. ಬಂದವಳೇ, “ಅಮ್ಮ, ಜ್ಯೂಸ್ ಕುಡಿದು ನನ್ ಲೋಟ ನಾನೇ ತೊಳೆದು ಬೋರಲು ಹಾಕ್ದೆ. ಬೇರೆ ಯಾರೂ ತೊಳೀಲಿಲ್ಲ. ಶ್ವೇತಾ ಅವರಮ್ಮ ಗುಡ್ ಗರ್ಲ್ ಅಂದ್ರು” ಎಂದಳು. ಎಷ್ಟು ಹೆಮ್ಮೆ ಅವಳ ಮುಖದಲ್ಲಿ! ಆ ಕೊಟ್ಟಿಗೆಯ ವಿಷಯವನ್ನು ನಾನು ಅವಳಿಗೆ ಒಂದು ದಿನವೂ ಹೇಳಿಲ್ಲ ಪದ್ಮಾ. ದಸರಾ ರಜೆಗೆ ಅವಳನ್ನು ನಿನ್ನ ಹತ್ತಿರ ಕಳಿಸುತ್ತೇನೆ. ಸ್ವಲ್ಪ ದಿನ ನಿನ್ನನ್ನು ನೋಡಿಕೊಂಡು ಇರಲಿ. ನನ್ನನ್ನು ನೋಡದೆ ಇರಲಿ.