ಟವೆಲಿನೊಳಗಿನ ಬೆರಳು

ಮಂಗಳೂರು, ಭಾನುವಾರ ಮಧ್ಯಾಹ್ನ

ಸಾರವಾಡದ ಕಾಶಿಬಾಯಿ ಅಕ್ಕನಿಗೆ ತಮ್ಮನ ಶರಣು.

ಮಗಳು ತ್ರಿವೇಣಿಯ ಚೆಸ್ ಟೂರ್ನಿಯ ಕೊನೆಯ ಆಟ ಒಳಗೆ ನಡೆದಿದೆ, ನನ್ನನ್ನು ಹೊರಗೆ ಹಾಕಿದ್ದಾರೆ. ಗಾಬರಿಗೆ, ದನದ ಸಂತೆಯಲ್ಲಿ ದರ ಕುದುರಿಸುವಾಗಿನಂತೆ ಟವೆಲಿನೊಳಗೆ ಬೆರಳು ಆಡಿಸುತ್ತ ಒಳಗೆ ಅವಳ ಎದುರಿಗೇ ನಿಂತಿದ್ದೆ. ಕಂಪ್ಯೂಟರ್ ಹೇಳಿದ ನಡೆಯನ್ನು ಅವಳಿಗೆ ಸನ್ನೆ ಮಾಡುತ್ತಿದ್ದೇನೆಂದು ತೀರ್ಪುಗಾರರಿಗೆ ಅನುಮಾನ.

"ನನ್ನ ಫೋನಿನ್ಯಾಗ ಬರೇ ಎಮ್ಮಿ ಫೋಟೋ ಅದಾವ್ರಿ," ಎಂದೆ.

"ಫೋನಿನ ಕಂಪ್ಯೂಟರ್ ಮುಂದೆ ವಿಶ್ವ ಚಾಂಪಿಯನ್ನರೇ ನಿಲ್ಲುವುದಿಲ್ಲ. ನಾವು ಹೆದರಲೇಬೇಕು," ಎಂದರು.

ತ್ರಿವೇಣಿ ತಲೆ ಎತ್ತದೆ, "ಅಪ್ಪಾ, ನೀ ಹೊರಗ ಕೂಡು," ಎಂದಳು.

ಎದುರಾಳಿ ಭಾರಿ ಆಟಗಾರ. ಇವಳು ಗೆದ್ದರೆ ವಿಚಾರಣೆಯಂತೆ. ಸೋತರೆ ಯಾರೂ ಕೇಳುವುದಿಲ್ಲ. ಬಿಪಿ ಗುಳಿಗೆ ನುಂಗಿ ಕೂತಿದ್ದೇನೆ. ಹಾಗಂತ ಸೋಲಲಿ ಎನ್ನಲು ಬಾಯಿ ಬರುತ್ತಿಲ್ಲ, ಅಕ್ಕಾ. ಗೆದ್ದೇ ಬರಲಿ, ತೀರ್ಪುಗಾರರ ಹತ್ತಿರ ನಾನು ಮಾತಾಡಿಕೊಳ್ಳುತ್ತೇನೆ.

ಅವಸರದಲ್ಲಿ,
ಸಂಗನಬಸವ